ಕೈ ಕಲಿಸುವ ಪಾಠ

ತುಮಕೂರು ಜಿಲ್ಲೆಯನ್ನು ಕಲ್ಪತರು ನಾಡೆಂದು ಕರೆಯುವುದು ವಾಡಿಕೆ. ಆ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹಾಗಲವಾಡಿ ಎಂಬುದೊಂದು ಹೋಬಳಿಯ ಊರು. ಹಿಂದೊಮ್ಮೆ ಪಾಳೆಯಗಾರರ ಆಳ್ವಿಕೆಯನ್ನು ಕಂಡ ಈ ಊರು ಇಂದು ಕೆರೆ, ತೆಂಗು, ಅಡಕೆ, ರಾಗಿಗಳ ನೆರಳಿನಲ್ಲಿ ನೆಮ್ಮದಿಯಾಗಿ ಬಾಳುತ್ತಿದೆ. ಇಂಥ ಊರುಗಳ ಮಕ್ಕಳು ಆಟದ ಸಾಮಾನಿಗಾಗಿ ಪೇಟೆಗೆ ಹೋಗಬೇಕಾದ ಅಗತ್ಯ ಎಂದೂ ಇರಲಿಲ್ಲ. ತೆಂಗಿನ ಮರವೊಂದೇ ಅವರಿಗೆ ಸಾಕಾಗುತ್ತಿತ್ತು. ಗರಿಯನ್ನು ಮಡಿಚಿದರೆ ಗಿರಿಗಿಟ್ಟಲೆ, ಸುತ್ತಿದರೆ ಪೀಪಿ, ಹೆಣೆದರೆ ಹಾವು, ಕೈಗೆ ಕಟ್ಟಿದರೆ ಗಡಿಯಾರ. ಮಟ್ಟೆಯನ್ನು ಕೆತ್ತಿದರೆ ದಾಂಡು. ಚಿಪ್ಪಿಗೆ ದಾರ ಕಟ್ಟಿದರೆ ತಕ್ಕಡಿ. ಆಷಾಢದ ಗಾಳಿ ಬೀಸತೊಡಗಿದೊಡನೆ ಕಾಗದ, ಬಿದಿರುಕಡ್ಡಿ, ಅನ್ನದ ಅಗುಳು ಸೇರಿ ಗಾಳಿಪಟವಾಗುತ್ತಿತ್ತು. ಪಟ ಒಂದು ಕಡೆಗೆ ವಾಲಿದರೆ ಬಾಲಂಗೋಚಿಯನ್ನು ಉದ್ದಮಾಡಬೇಕೆಂಬುದನ್ನು ಯಾವ ಪುಸ್ತಕವೂ ಆ ಮಕ್ಕಳಿಗೆ ಹೇಳಿರಲಿಲ್ಲ. ಅವರ ಕೈಯೇ ಅವರಿಗೆ ಹೇಳಿಕೊಟ್ಟಿತ್ತು.

ಅದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆ ನೆಲದಲ್ಲಿ ನಿರ್ಮಿಸಿದ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ಗರಿಯ ಗಿರಿಗಿಟ್ಟಲೆಗೂ ಆ ಕಾರ್ಖಾನೆಯ ಹೆಲಿಕಾಪ್ಟರಿಗೂ ಏನು ನಂಟು ಎಂದು ಕೇಳುವವರುಂಟು. ನಂಟು ಹತ್ತಿರದ್ದೇ ಆಗಿದೆ. ಓರೆಯಾದ ಅಲಗಿನ ಮೇಲೆ ಗಾಳಿ ಬಡಿದಾಗ ಗಿರಿಗಿಟ್ಟಲೆ ತಿರುಗುತ್ತದೆ. ಯಂತ್ರದ ಬಲದಿಂದ ಓರೆಯಾದ ಅಲಗು ತಿರುಗಿ ಗಾಳಿಯನ್ನು ಕೆಳಕ್ಕೆ ತಳ್ಳಿದಾಗ ಹೆಲಿಕಾಪ್ಟರು ಮೇಲಕ್ಕೇರುತ್ತದೆ. ಒಂದು ಇನ್ನೊಂದರ ತಿರುವುಮುರುವು. ಗಿರಿಗಿಟ್ಟಲೆಯನ್ನು ತಾನೇ ಮಾಡಿ, ಅಲಗನ್ನು ನೇರಗೊಳಿಸಿದರೆ ಅದು ನಿಲ್ಲುವುದನ್ನೂ ಓರೆಮಾಡಿದರೆ ಮತ್ತೆ ತಿರುಗುವುದನ್ನೂ ಕಂಡ ಮಗುವಿಗೆ ಹೆಲಿಕಾಪ್ಟರಿನ ಪಾಠ ಅರ್ಧ ತಿಳಿದಂತೆಯೇ. ಅಂಗಡಿಯ ಗಿರಿಗಿಟ್ಟಲೆಯನ್ನು ಕೊಂಡು ಓಡಿದ ಮಗುವಿಗೆ ಈ ಲಾಭವಿಲ್ಲ.

ಮನೆಯಲ್ಲಿಯೇ ಸಣ್ಣಪುಟ್ಟ ಉಪಕರಣಗಳನ್ನು ಮಾಡುವುದು, ವಿಜ್ಞಾನದ ಪ್ರಯೋಗಗಳನ್ನು ನಡೆಸಿ ನೋಡುವುದು, ಕೆಟ್ಟ ವಸ್ತುಗಳನ್ನು ಬಿಚ್ಚಿ ಸರಿಪಡಿಸುವುದು, ಇವೆಲ್ಲ ಓದಿಗೆ ಅಡ್ಡಿಯೆಂದು ಬಹುಮಂದಿ ತಿಳಿದಿದ್ದಾರೆ. ಬಿಡುವಿನ ವೇಳೆಯ ವಿನೋದವೆಂದು ಇನ್ನು ಕೆಲವರು ಅದನ್ನು ಸಹಿಸಿಕೊಳ್ಳುತ್ತಾರೆ. ಈ ಎರಡು ಅಭಿಪ್ರಾಯಗಳೂ ಸರಿಯಲ್ಲ. ಕೈಯಿಂದ ಮಾಡಿ ತಿಳಿಯುವುದು ಓದಿನ ಹೊರಗಿನದಲ್ಲ. ಅದು ಓದಿನ ಒಂದು ಭಾಗ, ಅದರಲ್ಲಿಯೂ ತಳಪಾಯದ ಭಾಗ. ಆ ಭಾಗವನ್ನು ಬಿಟ್ಟುಕೊಟ್ಟ ವಿದ್ಯೆ ಬಾಯಿಪಾಠವಾಗಿ ಉಳಿಯುತ್ತದೆ.

ಇಂದಿನ ಶಾಲೆಗಳಲ್ಲಿ ನಡೆಯುವ ವಿಜ್ಞಾನ ವಸ್ತುಪ್ರದರ್ಶನಗಳನ್ನೇ ನೋಡಬಹುದು. ಪ್ರದರ್ಶನದ ಹಿಂದಿನ ದಿನ ತಂದೆಯೋ ಅಣ್ಣನೋ ಪೇಟೆಗೆ ಹೋಗಿ ಸಿದ್ಧವಾದ ಮಾದರಿಯೊಂದನ್ನು ಕೊಂಡು ತರುತ್ತಾರೆ. ಬಿಳಿಯ ಥರ್ಮೊಕೋಲ್ ಹಲಗೆಯ ಮೇಲೆ ಜ್ವಾಲಾಮುಖಿಯೋ ಅಣೆಕಟ್ಟೋ ಅಂದವಾಗಿ ಕುಳಿತಿರುತ್ತದೆ. ವಿದ್ಯಾರ್ಥಿ ಅದರ ಮುಂದೆ ನಿಂತು, ಚೀಟಿಯಲ್ಲಿ ಬರೆದುಕೊಟ್ಟ ನಾಲ್ಕು ಮಾತುಗಳನ್ನು ಒಪ್ಪಿಸುತ್ತಾನೆ. ಬಂದವರು ಮೆಚ್ಚುತ್ತಾರೆ; ಬಹುಮಾನವೂ ಬರಬಹುದು. ಪಕ್ಕದಲ್ಲಿಯೇ ಇನ್ನೊಬ್ಬನು ತಾನೇ ಮಾಡಿದ ವಕ್ರವಾದ, ಅಂಟು ಸೋರಿದ, ಒಮ್ಮೆ ನಡೆದು ಒಮ್ಮೆ ನಿಲ್ಲುವ ಯಂತ್ರವೊಂದನ್ನು ಇಟ್ಟುಕೊಂಡು ನಾಚಿ ನಿಂತಿರುತ್ತಾನೆ. ಈ ಇಬ್ಬರಲ್ಲಿ ಕಲಿತವನು ಯಾರು? ನೋಡುಗರ ಕಣ್ಣು ಮೊದಲನೆಯವನ ಮೇಲಿರುತ್ತದೆ. ಆದರೆ ವಿದ್ಯೆ ಎರಡನೆಯವನ ಬಳಿಯಲ್ಲಿರುತ್ತದೆ. ಅವನು ನಾಚಬೇಕಾದ ಕಾರಣವೇ ಇಲ್ಲ.

ಸೋಲು ಹೇಗೆ ಕಲಿಸುತ್ತದೆ ಎಂಬುದಕ್ಕೆ ಒಂದು ಸಣ್ಣ ಪ್ರಯೋಗ ಸಾಕ್ಷಿ. ನಿಂಬೆಹಣ್ಣಿನಿಂದ ದೀಪ ಉರಿಯುತ್ತದೆಂದು ಒಬ್ಬ ಹುಡುಗ ಓದಿದನೆನ್ನೋಣ. ಅವನು ಹಣ್ಣಿಗೆ ಒಂದು ಕಡೆ ಸತು ಲೇಪಿಸಿದ ಮೊಳೆಯನ್ನೂ ಇನ್ನೊಂದು ಕಡೆ ದಪ್ಪ ತಾಮ್ರದ ತಂತಿಯ ತುಂಡನ್ನೂ ಚುಚ್ಚಿ, ಎರಡಕ್ಕೂ ಸಣ್ಣ ಕೆಂಪು ಎಲ್‌ಇಡಿ ದೀಪವನ್ನು ಜೋಡಿಸುತ್ತಾನೆ. ದೀಪ ಹತ್ತುವುದಿಲ್ಲ. ಪುಸ್ತಕ ಸುಳ್ಳು ಹೇಳಿತೇ? ಇಲ್ಲ. ಒಂದು ನಿಂಬೆಯ ಕೋಶದಿಂದ ದೊರೆಯುವ ವಿದ್ಯುತ್ ಒತ್ತಡ ಸುಮಾರು 0.9 ವೋಲ್ಟ್ ಮಾತ್ರ. ಕೆಂಪು ದೀಪ ಹತ್ತಲು ಅದರ ಎರಡರಷ್ಟಾದರೂ ಬೇಕು. ಅವನು ಒಂದರ ತಾಮ್ರವನ್ನು ಮತ್ತೊಂದರ ಸತುವಿಗೆ ಸೇರಿಸುತ್ತ ಮೂರು ನಾಲ್ಕು ಹಣ್ಣುಗಳನ್ನು ಸಾಲಾಗಿ ಜೋಡಿಸುತ್ತಾನೆ. ಆಗಲೂ ಹತ್ತುವುದಿಲ್ಲ. ದೀಪದ ಎರಡು ಕಾಲುಗಳಲ್ಲಿ ಉದ್ದನೆಯದು ಧನ, ಗಿಡ್ಡನೆಯದು ಋಣ. ಅದನ್ನು ತಾಮ್ರದ ತುದಿಗೆ ಸೇರಿಸಬೇಕೋ ಸತುವಿನ ತುದಿಗೋ ಎಂಬುದನ್ನು ಅವನು ಯೋಚಿಸಿರಲಿಲ್ಲ. ಕಾಲುಗಳನ್ನು ಅದಲುಬದಲು ಮಾಡಿ, ಕೋಣೆಯ ಕಿಟಕಿಯನ್ನು ಮುಚ್ಚಿ ನೋಡಿದಾಗ ಒಂದು ಮಂಕಾದ ಕೆಂಪು ಬೆಳಕು ಕಾಣಿಸುತ್ತದೆ.

ಆ ಬೆಳಕು ಒಂದು ಅಕ್ಷರವನ್ನು ಓದಲೂ ಸಾಲದು. ಆದರೆ ಅದನ್ನು ಕಾಣುವಷ್ಟರಲ್ಲಿ ಹುಡುಗನು ವಿದ್ಯುತ್ ಒತ್ತಡ, ಶ್ರೇಣಿ ಜೋಡಣೆ, ಧನ ಋಣ ಧ್ರುವ ಎಂಬ ಮೂರು ಪಾಠಗಳನ್ನು ಕಲಿತಿರುತ್ತಾನೆ. ಕೆಲವು ದಿನ ಕಳೆದ ಮೇಲೆ ಮೊಳೆಯ ಮೇಲಿನ ಸತು ಸವೆದಿರುವುದನ್ನು ಕಂಡರೆ ನಾಲ್ಕನೆಯ ಪಾಠವೂ ದೊರೆಯುತ್ತದೆ. ಶಕ್ತಿ ಬಂದದ್ದು ಹಣ್ಣಿನಿಂದಲ್ಲ, ಕರಗಿಹೋದ ಸತುವಿನಿಂದ. ನಿಂಬೆಯ ರಸ ಅದಕ್ಕೆ ದಾರಿಮಾಡಿಕೊಟ್ಟಿತು ಅಷ್ಟೆ. ಲೋಹ ಕರಗಿದ ಆ ಹಣ್ಣನ್ನು ಪಾನಕಕ್ಕೆ ಬಳಸಬಾರದೆಂಬ ವಿವೇಕ ಇದರ ಜೊತೆಗೇ ಬರುತ್ತದೆ. ಮೊದಲ ಸಲಕ್ಕೇ ದೀಪ ಹತ್ತಿಬಿಟ್ಟಿದ್ದರೆ ಇವುಗಳಲ್ಲಿ ಒಂದನ್ನೂ ಅವನು ಕೇಳಿಕೊಳ್ಳುತ್ತಿರಲಿಲ್ಲ.

ಇಂಥ ಪ್ರಯೋಗವನ್ನು ಕೀಳೆಂದು ಎಣಿಸುವವರು ಮೈಕೇಲ್ ಫ್ಯಾರಡೆಯನ್ನು ನೆನೆಯಬೇಕು. ಇಂಗ್ಲೆಂಡಿನ ಕಮ್ಮಾರನೊಬ್ಬನ ಮಗನಾಗಿ 1791ರಲ್ಲಿ ಹುಟ್ಟಿದ ಆತ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತವನು. ಹಗಲು ರಟ್ಟು ಕಟ್ಟಿದ ಪುಸ್ತಕಗಳನ್ನೇ ಓದಿ ತಿಳಿವಳಿಕೆಯನ್ನು ಹೆಚ್ಚಿಸಿಕೊಂಡನು. 1812ರಲ್ಲಿ ಏಳು ತಾಮ್ರದ ನಾಣ್ಯಗಳು, ಏಳು ಸತುವಿನ ಬಿಲ್ಲೆಗಳು, ಉಪ್ಪುನೀರಿನಲ್ಲಿ ನೆನೆಸಿದ ಆರು ಕಾಗದದ ಚೂರುಗಳು, ಇಷ್ಟರಿಂದಲೇ ತನ್ನ ಮೊದಲ ವಿದ್ಯುತ್ಕೋಶವನ್ನು ಕಟ್ಟಿಕೊಂಡನು. ಹತ್ತೊಂಬತ್ತು ವರ್ಷಗಳ ಅನಂತರ, 1831ರಲ್ಲಿ, ಅಯಸ್ಕಾಂತದ ಚಲನೆಯಿಂದ ವಿದ್ಯುತ್ತನ್ನು ಪಡೆಯಬಹುದೆಂದು ತೋರಿಸಿಕೊಟ್ಟವನೂ ಆತನೇ. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತು ಹುಟ್ಟಿದ್ದು ಆ ತತ್ತ್ವದಿಂದಲೇ.

ಕೈಯ ಮಹಿಮೆಯನ್ನು ಹೇಳುವ ಕಥೆ ತುಮಕೂರಿನ ನೆಲದಲ್ಲಿಯೇ ಒಂದಿದೆ. ತುಮಕೂರಿಗೆ ಸಮೀಪದ ಕೈದಾಳದಲ್ಲಿ ಹೊಯ್ಸಳರ ಕಾಲದ ಚೆನ್ನಕೇಶವ ದೇವಾಲಯವಿದೆ. ಶಿಲ್ಪಿ ಜಕಣಾಚಾರಿಯ ಊರು ಅದೆಂದು ಐತಿಹ್ಯ ಹೇಳುತ್ತದೆ. ಜಕಣಾಚಾರಿ ಬೇಲೂರಿನಲ್ಲಿ ವಿಗ್ರಹವೊಂದನ್ನು ಕಡೆಯುತ್ತಿದ್ದಾಗ, ಅಪರಿಚಿತನಾದ ತರುಣನೊಬ್ಬನು ಬಂದು ಆ ಶಿಲೆಯಲ್ಲಿ ದೋಷವಿದೆಯೆಂದನಂತೆ. ದೋಷವನ್ನು ತೋರಿಸಿದರೆ ತನ್ನ ಬಲಗೈಯನ್ನೇ ಕಡಿದುಕೊಳ್ಳುವೆನೆಂದು ಹಿರಿಯ ಶಿಲ್ಪಿ ಪಣತೊಟ್ಟನಂತೆ. ತರುಣನು ವಾದಕ್ಕೆ ನಿಲ್ಲಲಿಲ್ಲ. ವಿಗ್ರಹಕ್ಕೆಲ್ಲ ಗಂಧವನ್ನು ಲೇಪಿಸಿ ಕಾದನು. ಎಲ್ಲ ಕಡೆಯೂ ಗಂಧ ಒಣಗಿತು, ನಾಭಿಯ ಬಳಿ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿಯಿಟ್ಟು ಹೊಡೆದಾಗ ಒಳಗಿನಿಂದ ನೀರೂ ಮರಳೂ ಕಪ್ಪೆಯೂ ಹೊರಬಂದವು. ಜಕಣಾಚಾರಿ ಕೈಯನ್ನು ಕಡಿದುಕೊಂಡನು. ಆ ತರುಣನು ಅವನ ಮಗ ಡಂಕಣನೇ ಎಂಬುದು ಆಮೇಲೆ ತಿಳಿಯಿತು. ಮುಂದೆ ಹುಟ್ಟೂರಿನಲ್ಲಿ ಕೇಶವನ ಗುಡಿಯನ್ನು ಕಟ್ಟಿದಾಗ ಹೋದ ಕೈ ಮರಳಿ ಬಂದಿತೆಂದೂ ಊರಿಗೆ ಕೈದಾಳವೆಂಬ ಹೆಸರು ಅದರಿಂದಲೇ ಬಂದಿತೆಂದೂ ಜನ ಹೇಳುತ್ತಾರೆ.

ಇದು ಐತಿಹ್ಯ, ಇತಿಹಾಸವೆಂದು ಇದನ್ನು ನಂಬಬೇಕಾಗಿಲ್ಲ. ಆದರೆ ಕಥೆಯ ಒಳಗಿರುವ ತಿಳಿವು ಬೆಲೆಯುಳ್ಳದ್ದು. ಡಂಕಣನು ಮಾಡಿದ್ದು ಒಂದು ಪ್ರಯೋಗ. ಕಲ್ಲಿನ ಒಳಗೆ ತೇವವಿದ್ದರೆ ಮೇಲಿನ ಗಂಧ ಅಲ್ಲಿ ಒಣಗಲಾರದೆಂದು ಅವನು ಊಹಿಸಿದನು. ಊಹೆಯನ್ನು ಪರೀಕ್ಷೆಗೆ ಒಡ್ಡಿದನು. ಫಲಿತಾಂಶ ಎಲ್ಲರ ಕಣ್ಣಿಗೂ ಕಾಣುವಂತೆ ಮಾಡಿದನು. ತಂದೆಯೂ ಕಣ್ಣಾರೆ ಕಂಡದ್ದನ್ನು ಅಲ್ಲಗಳೆಯಲಿಲ್ಲ. ಹಿರಿಯನ ಕೀರ್ತಿಗಿಂತ ಕಣ್ಣಮುಂದಿನ ಸಾಕ್ಷ್ಯ ದೊಡ್ಡದೆಂದು ಒಪ್ಪುವುದೇ ವಿಜ್ಞಾನದ ಮೊದಲ ನಿಯಮ. ಅದನ್ನು ಮಕ್ಕಳಿಗೆ ಕಲಿಸಲು ಮಾಡಿ ನೋಡುವುದಕ್ಕಿಂತ ಉತ್ತಮವಾದ ದಾರಿಯಿಲ್ಲ. ಕೈಯಿಂದ ಮಾಡಿದವನಿಗೆ ತನ್ನ ತಪ್ಪನ್ನು ಮುಚ್ಚಿಡಲು ಬರುವುದಿಲ್ಲ. ದೀಪ ಹತ್ತುತ್ತದೆ, ಇಲ್ಲವೆ ಹತ್ತುವುದಿಲ್ಲ. ವಶೀಲಿಗೆ ಅಲ್ಲಿ ಎಡೆಯಿಲ್ಲ.

ಮನೆಯಲ್ಲಿ ತೊಡಗಿದ ಒಂದು ಹವ್ಯಾಸ ನಾಡಿಗೆಲ್ಲ ಉಪಕಾರವಾದುದಕ್ಕೆ ಮೈಸೂರಿನಲ್ಲಿ ಒಳ್ಳೆಯ ನಿದರ್ಶನವಿದೆ. ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಾದ ‘ವಿಠ್ಠಲ ವಿಹಾರ’ದಲ್ಲಿ ರೇಡಿಯೋ ಪ್ರಸಾರವನ್ನು ಆರಂಭಿಸಿದರು. ಅವರ ಪ್ರೇಷಕ ಯಂತ್ರದ ಶಕ್ತಿ 30 ವ್ಯಾಟ್, ಎಂದರೆ ಇಂದು ಒಂದು ದೊಡ್ಡ ಕೋಣೆಯನ್ನು ಬೆಳಗುವ ದೀಪದಷ್ಟು. ಅವರು ಎಂಜಿನಿಯರರಲ್ಲ, ಮನಸ್ಸಿನ ಶಾಸ್ತ್ರವನ್ನು ಬೋಧಿಸುತ್ತಿದ್ದವರು. ಆದರೆ ಹೊಸದೊಂದನ್ನು ತಾವೇ ಮಾಡಿ ನೋಡುವ ಹಂಬಲ ಅವರಲ್ಲಿತ್ತು. ಆ ಮನೆಯ ಪ್ರಸಾರಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಮುಂದೆ ಮೈಸೂರು ಸಂಸ್ಥಾನ ಅದರ ಹೊಣೆಯನ್ನು ವಹಿಸಿಕೊಂಡಿತು. 1950ರ ದಶಕದಲ್ಲಿ ಭಾರತದ ಬಾನುಲಿ ಸಂಸ್ಥೆಯೇ ಆ ಹೆಸರನ್ನು ತನ್ನದಾಗಿಸಿಕೊಂಡಿತು. ಒಂದು ಮನೆಯ ಕೋಣೆಯಲ್ಲಿ ಬಳಕೆಗೆ ಬಂದ ಮಾತು ಹೀಗೆ ದೇಶದ ಮಾತಾಯಿತು. ಇಂದು ಪರವಾನಗಿಯಿಲ್ಲದೆ ಯಾರೂ ರೇಡಿಯೋ ಪ್ರಸಾರ ಮಾಡುವಂತಿಲ್ಲ. ಆಸಕ್ತರು ಪರೀಕ್ಷೆಗೆ ಕುಳಿತು ಹವ್ಯಾಸಿ ರೇಡಿಯೋ ಪರವಾನಗಿಯನ್ನು ಪಡೆಯಬಹುದು.

ಹೊರದೇಶದ ಒಂದು ಉದಾಹರಣೆಯೂ ಇಲ್ಲಿ ಸಲ್ಲುತ್ತದೆ. 1878ರಲ್ಲಿ ಅಮೆರಿಕದ ಧರ್ಮಗುರುವೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳಿಗೆ ಆಟಿಕೆಯೊಂದನ್ನು ತಂದುಕೊಟ್ಟರು. ಬೆಂಡು, ಬಿದಿರು, ಕಾಗದಗಳಿಂದ ಮಾಡಿದ್ದ ಅದು ರಬ್ಬರಿನ ಪಟ್ಟಿಯ ಬಲದಿಂದ ಮೇಲಕ್ಕೆ ಹಾರುತ್ತಿತ್ತು. ಆಟಿಕೆ ಬೇಗನೆ ಮುರಿಯಿತು. ಮಕ್ಕಳು ಅಳುತ್ತ ಕೂರಲಿಲ್ಲ, ಇನ್ನೊಂದನ್ನು ಕೊಡಿಸೆಂದು ಕಾಡಲೂ ಇಲ್ಲ. ತಾವೇ ಅಂಥವನ್ನು ಮಾಡತೊಡಗಿದರು. ದೊಡ್ಡದಾಗಿ ಮಾಡಿದಷ್ಟೂ ಅವು ಸರಿಯಾಗಿ ಹಾರದಿದ್ದುದನ್ನು ಕಂಡು ಬೆರಗಾದರು. ಆ ಬೆರಗು ಅವರನ್ನು ಬಿಡಲಿಲ್ಲ. ಬೆಳೆದು ಬೈಸಿಕಲ್ ಅಂಗಡಿಯನ್ನು ನಡೆಸುತ್ತಿದ್ದ ಆ ವಿಲ್ಬರ್ ಮತ್ತು ಆರ್ವಿಲ್ ರೈಟ್ ಸಹೋದರರೇ 1903ರ ಡಿಸೆಂಬರ್ 17ರಂದು ಯಂತ್ರದ ವಿಮಾನವನ್ನು ಹಾರಿಸಿದರು. ಆ ದಿನದ ಮೊದಲ ಹಾರಾಟ ನಡೆದದ್ದು ಹನ್ನೆರಡು ಸೆಕೆಂಡು ಮಾತ್ರ.

ಇಂಥ ಕೆಲಸಕ್ಕೆ ಹಣ ಬೇಕೆಂಬುದು ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪ. ಪೇಟೆಯಲ್ಲಿ ದೊರೆಯುವ ಸಿದ್ಧ ಪೆಟ್ಟಿಗೆಗಳಿಗೆ ಹಣ ಬೇಕು, ನಿಜ. ಆದರೆ ಹಾಗಲವಾಡಿಯಂಥ ಊರಿನ ಹಿತ್ತಿಲಿನಲ್ಲಿ ಬಿದ್ದಿರುವ ವಸ್ತುಗಳಿಂದಲೇ ಆಗುವ ಪ್ರಯೋಗಗಳು ಎಷ್ಟೋ ಇವೆ. ಒಡೆದ ತೆಂಗಿನಕಾಯಿಯ ಎರಡು ಚಿಪ್ಪುಗಳಿಂದ ತಕ್ಕಡಿ ಮಾಡಲು ಹೊರಟವನಿಗೆ ಮೊದಲು ಎದುರಾಗುವುದೇ ಒಂದು ಸಮಸ್ಯೆ. ಕಣ್ಣಿರುವ ಚಿಪ್ಪೂ ಕಣ್ಣಿಲ್ಲದ ಚಿಪ್ಪೂ ಸಾಮಾನ್ಯವಾಗಿ ಸಮತೂಕದವಲ್ಲ. ಹಗುರವಾದ ಕಡೆಗೆ ಜೇಡಿಮಣ್ಣನ್ನು ಮೆತ್ತಿ ಸರಿದೂಗಿಸಬೇಕು. ಬಳಿಕ ಒಂದು ಕಡೆಯ ವಸ್ತುವನ್ನು ಇನ್ನೊಂದು ಕಡೆಗಿಟ್ಟು ಅದಲುಬದಲು ತೂಗಿ ನೋಡಬೇಕು. ಆಗಲೂ ಸಮನಾಗಿ ನಿಂತರೆ ಮಾತ್ರ ತಕ್ಕಡಿ ನ್ಯಾಯದ್ದು. ತೂಕದ ಬಟ್ಟು ಇಲ್ಲವೆಂದು ಕೊರಗಬೇಕಾಗಿಲ್ಲ. ಔಷಧದ ಸೀಸೆಯೊಡನೆ ಬರುವ ಅಳತೆಯ ಲೋಟದಿಂದ ಹತ್ತು ಮಿಲಿಲೀಟರು ನೀರು ಸುರಿದರೆ ಅದು ಹತ್ತು ಗ್ರಾಮಿನ ಬಟ್ಟೇ ಸರಿ. ಇಷ್ಟನ್ನು ಮಾಡಿದ ಹುಡುಗಿಯನ್ನು ಸಂತೆಯಲ್ಲಿ ತೂಕದಲ್ಲಿ ಮೋಸಮಾಡುವುದು ಸುಲಭವಲ್ಲ.

ಒಂದು ಡಬ್ಬಿಯಿಂದ ಮಳೆಯನ್ನೂ ಅಳೆಯಬಹುದು. ಪಕ್ಕಗಳು ನೇರವಾಗಿರುವ ಪ್ಲಾಸ್ಟಿಕ್ ಸೀಸೆಯ ಮೇಲ್ಭಾಗವನ್ನು ಕತ್ತರಿಸಿ, ಅದನ್ನು ಆಲಿಕೆಯಂತೆ ಬೋರಲಾಗಿ ಕೂರಿಸಬೇಕು. ತಳ ಅಂಕುಡೊಂಕಾಗಿದ್ದರೆ ಬೆಣಚುಕಲ್ಲು ಹಾಕಿ, ನೇರ ಭಾಗದವರೆಗೆ ನೀರು ತುಂಬಿ, ಅಲ್ಲಿಂದ ಮೇಲಕ್ಕೆ ಅಳತೆಪಟ್ಟಿಯನ್ನು ಅಂಟಿಸಬೇಕು. ಮರ, ಗೋಡೆಗಳಿಂದ ದೂರವಾಗಿ ಬಯಲಿನಲ್ಲಿ ಇಟ್ಟರೆ ಮಳೆಮಾಪಕ ಸಿದ್ಧ. ಒಂದು ಮಿಲಿಮೀಟರು ಮಳೆಯೆಂದರೆ ಒಂದು ಚದರ ಮೀಟರು ನೆಲದ ಮೇಲೆ ಒಂದು ಲೀಟರು ನೀರು. ಹತ್ತು ಮೀಟರು ಉದ್ದ, ಐದು ಮೀಟರು ಅಗಲದ ಮಾಡಿನ ಮೇಲೆ ಇಪ್ಪತ್ತು ಮಿಲಿಮೀಟರು ಮಳೆ ಬಿದ್ದರೆ ಅದು ಸಾವಿರ ಲೀಟರು, ಎಂದರೆ ಹತ್ತು ಲೀಟರಿನ ನೂರು ಬಿಂದಿಗೆ. ಆ ನೂರು ಬಿಂದಿಗೆ ಎಲ್ಲಿ ಹರಿದುಹೋಯಿತೆಂದು ಮನೆಯ ಮಗುವೇ ಕೇಳಿದರೆ ಹಿರಿಯರು ಉತ್ತರ ಹೇಳಬೇಕಾಗುತ್ತದೆ. ಅಜ್ಜನು ಭರಣಿ, ರೋಹಿಣಿ, ಮಘೆ, ಹುಬ್ಬೆ ಎಂದು ಮಳೆಯನ್ನು ನಕ್ಷತ್ರದಿಂದ ಗುರುತಿಸುತ್ತಾನೆ. ಹದವಾಯಿತೋ ಇಲ್ಲವೋ ಎಂಬುದನ್ನು ಮಣ್ಣು ಮುಟ್ಟಿ ಹೇಳುತ್ತಾನೆ. ಮೊಮ್ಮಗಳು ಅದರ ಎದುರಿಗೆ ಮಿಲಿಮೀಟರಿನ ಲೆಕ್ಕವನ್ನು ಬರೆದಿಟ್ಟರೆ ಕೆಲವು ವರ್ಷಗಳಲ್ಲಿ ಇಬ್ಬರ ಅರಿವೂ ಸೇರಿದ ಒಂದು ಪುಸ್ತಕವೇ ಸಿದ್ಧವಾಗುತ್ತದೆ.

ಇನ್ನೂ ಸರಳವಾದ ಉಪಕರಣವೆಂದರೆ ನೆಟ್ಟಗೆ ನಿಲ್ಲಿಸಿದ ಒಂದು ಕೋಲು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ಲಂಬವಾಗಿದೆಯೇ ಎಂದು ನೋಡಿಕೊಂಡು, ಅದರ ನೆರಳಿನ ತುದಿಯನ್ನು ಐದು ನಿಮಿಷಕ್ಕೊಮ್ಮೆ ಗುರುತುಹಾಕಬೇಕು. ಹಾಗಲವಾಡಿಯಲ್ಲಿ ನೆರಳು ಅತ್ಯಂತ ಗಿಡ್ಡದಾಗುವುದು ಗಡಿಯಾರದ ಹನ್ನೆರಡು ಗಂಟೆಗೆ ಅಲ್ಲ. ಏಪ್ರಿಲ್ ಕೊನೆಯಲ್ಲಿ ಅದು ಹನ್ನೆರಡೂ ಇಪ್ಪತ್ತರ ಸುಮಾರಿಗೆ ಆಗುತ್ತದೆ. ಭಾರತದ ಗಡಿಯಾರಗಳೆಲ್ಲ ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶದ ಕಾಲವನ್ನು ತೋರಿಸುತ್ತವೆ. ಹಾಗಲವಾಡಿ ಅದಕ್ಕಿಂತ ಐದಾರು ಡಿಗ್ರಿ ಪಶ್ಚಿಮದಲ್ಲಿದೆ. ಒಂದು ಡಿಗ್ರಿಯನ್ನು ದಾಟಲು ಸೂರ್ಯನಿಗೆ ನಾಲ್ಕು ನಿಮಿಷ ಬೇಕು. ಭೂಗೋಳದ ಪಾಠದಲ್ಲಿ ನಿದ್ದೆ ಬರಿಸಿದ ಈ ಲೆಕ್ಕ ಅಂಗಳದಲ್ಲಿ ಜೀವ ತಳೆದು ನಿಲ್ಲುತ್ತದೆ. ಏಪ್ರಿಲ್ ಕೊನೆಯ ವಾರದಲ್ಲೊಂದು ದಿನ, ಆಗಸ್ಟ್ ನಡುಭಾಗದಲ್ಲೊಂದು ದಿನ, ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬಂದಾಗ ಕೋಲಿನ ನೆರಳು ಬುಡದಲ್ಲಿಯೇ ಅಡಗಿಹೋಗುತ್ತದೆ. ಆ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಇದನ್ನು ಕಾಣಲು ಒಂದು ಕಾಸೂ ಖರ್ಚಿಲ್ಲ, ಬೇಕಾದುದು ತಾಳ್ಮೆ.

ಎರಡನೆಯ ಆಕ್ಷೇಪ ಕಾಲದ್ದು. ಪರೀಕ್ಷೆಯ ಅಂಕಗಳೇ ಮುಂದಿನ ದಾರಿಯನ್ನು ನಿರ್ಧರಿಸುವಾಗ ಮಕ್ಕಳು ಮೊಳೆ, ತಂತಿಗಳೊಡನೆ ಹೊತ್ತು ಕಳೆಯುವುದು ಸರಿಯೇ ಎಂದು ತಾಯಿತಂದೆಗಳು ಕೇಳುತ್ತಾರೆ. ಅವರ ಆತಂಕವನ್ನು ಹಗುರವಾಗಿ ಕಾಣಬಾರದು. ಸಾಲ ಮಾಡಿ ಓದಿಸುವ ರೈತನಿಗೆ ಮಗನ ಅಂಕಪಟ್ಟಿಯೇ ಬೆಳೆ. ಆದರೆ ಹತ್ತು ಸಲ ಓದಿ ಮರೆತ ಸೂತ್ರ ಒಮ್ಮೆ ಮಾಡಿ ನೋಡಿದ ಮೇಲೆ ಮರೆಯುವುದಿಲ್ಲವೆಂಬುದೂ ಅನುಭವದ ಮಾತೇ. ಭಾನುವಾರದ ಎರಡು ಗಂಟೆಗಳನ್ನು ಇದಕ್ಕೆ ಕೊಟ್ಟರೆ ಓದು ಕೆಡುವುದಿಲ್ಲ. ನಿಜವಾಗಿ ಹೊತ್ತನ್ನು ನುಂಗುತ್ತಿರುವುದು ಬೇರೊಂದು. ಬೇರೆಯವರು ಮಾಡುವುದನ್ನು ಮೊಬೈಲಿನ ಪರದೆಯ ಮೇಲೆ ಗಂಟೆಗಟ್ಟಲೆ ನೋಡಿ ತಾವೇ ಮಾಡಿದಂತೆ ತೃಪ್ತಿಪಡುವ ಅಭ್ಯಾಸ ಈಗ ಬೆಳೆಯುತ್ತಿದೆ. ದಡದ ಮೇಲೆ ಕುಳಿತು ಈಜನ್ನು ನೋಡಿದವನು ಈಜುಗಾರನಾಗುವುದಿಲ್ಲ. ಪರದೆಯಿಂದ ದಾರಿಯನ್ನು ತಿಳಿಯುವುದು ತಪ್ಪಲ್ಲ. ಆಮೇಲೆ ಅದನ್ನು ಬದಿಗಿಟ್ಟು ಎದ್ದು ನಡೆಯಬೇಕು.

ಮೂರನೆಯದು ಅಪಾಯದ ಆಕ್ಷೇಪ. ಇದು ಮೂರರಲ್ಲಿಯೂ ಗಟ್ಟಿಯಾದುದು. ಮನೆಯ ಗೋಡೆಯಲ್ಲಿ ಹರಿಯುವ 230 ವೋಲ್ಟಿನ ವಿದ್ಯುತ್ತು ಪ್ರಾಣವನ್ನು ತೆಗೆಯಬಲ್ಲದು. ಅದನ್ನು ಮಕ್ಕಳು ಯಾವ ಕಾರಣಕ್ಕೂ ಪ್ರಯೋಗಕ್ಕೆ ಬಳಸಬಾರದು. ಟಾರ್ಚಿನ ಒಂದೂವರೆ ವೋಲ್ಟಿನ ಸೆಲ್ಲುಗಳಿಂದಲೇ ವಿದ್ಯುದಯಸ್ಕಾಂತ, ಕರೆಗಂಟೆ, ಪುಟ್ಟ ಮೋಟಾರುಗಳನ್ನೆಲ್ಲ ಮಾಡಬಹುದು. ಹಳೆಯ ಮೊಬೈಲಿನ ಬ್ಯಾಟರಿಯನ್ನು ಚುಚ್ಚುವುದಾಗಲಿ ಒಡೆಯುವುದಾಗಲಿ ಕೂಡದು, ಅದು ಹೊತ್ತಿಕೊಳ್ಳುತ್ತದೆ. ಬೆಸುಗೆಯ ಕಾದ ಕಡ್ಡಿಯನ್ನೂ ಚೂಪಾದ ಚಾಕುವನ್ನೂ ಹಿರಿಯರು ಬಳಿಯಿರುವಾಗ ಮಾತ್ರ ಹಿಡಿಯಬೇಕು. ಇಷ್ಟು ಎಚ್ಚರ ವಹಿಸಿದ ಮೇಲೆ ಉಳಿಯುವ ಅಪಾಯ ಬೆರಳಿಗೆ ಒಂದು ಗೀರು, ಅಂಗಿಗೆ ಒಂದು ಕಲೆ. ಎಲ್ಲವನ್ನೂ ಅಪಾಯವೆಂದು ಬಚ್ಚಿಟ್ಟರೆ ಮಗು ಅಪಾಯವನ್ನು ಗುರುತಿಸುವುದನ್ನೇ ಕಲಿಯುವುದಿಲ್ಲ.

ಆದರೆ ಇವೆಲ್ಲಕ್ಕಿಂತ ಆಳವಾದ, ಬಾಯಿಬಿಟ್ಟು ಯಾರೂ ಹೇಳದ ಅಡ್ಡಿಯೊಂದಿದೆ. ಅದು ಕೈಕೆಲಸದ ಬಗೆಗಿನ ತಾತ್ಸಾರ. ಮರ ಕೆತ್ತುವವನು, ಕಬ್ಬಿಣ ಬಡಿಯುವವನು, ಮಡಕೆ ಮಾಡುವವನು ಒಂದು ಕಡೆ, ಓದುಬರಹ ಬಲ್ಲವನು ಇನ್ನೊಂದು ಕಡೆ ಎಂದು ಸಮಾಜ ಬಹುಕಾಲ ಗೋಡೆ ಕಟ್ಟಿಕೊಂಡು ಬಂದಿತು. ಅದರಿಂದ ಎರಡು ಕಡೆಗೂ ನಷ್ಟವಾಯಿತು. ಕೈಬಲ್ಲವನಿಗೆ ಅಕ್ಷರ ದೊರೆಯಲಿಲ್ಲ; ಅಕ್ಷರಬಲ್ಲವನಿಗೆ ಕೈ ಬರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಕಾಯಕದ ಹಿರಿಮೆಯನ್ನು ಸಾರಿ ಈ ಗೋಡೆಯನ್ನು ಕೆಡವಲು ನೋಡಿದರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಮಂಡಿಸಿದ ಮೂಲಶಿಕ್ಷಣದ ಯೋಜನೆಯೂ ಕಸುಬಿನ ಮೂಲಕವೇ ಅರಿವನ್ನು ಕೊಡಬೇಕೆಂದು ಹೇಳಿತು. ಕನ್ನಡದಲ್ಲಿ ಶಿವರಾಮ ಕಾರಂತರು ಪುತ್ತೂರಿನ ‘ಬಾಲವನ’ದಲ್ಲಿ ಮಕ್ಕಳ ಕಲಿಕೆಯನ್ನು ಆಟ, ಕಲೆಗಳೊಡನೆ ಬೆಸೆಯಲು ಯತ್ನಿಸಿದರು, ಅವರಿಗಾಗಿ ‘ಬಾಲಪ್ರಪಂಚ’ವನ್ನೂ ಬರೆದರು. ಆದರೂ ಮಗನು ತಿರುಪುಳಿ ಹಿಡಿದರೆ, ಓದಿ ದೊಡ್ಡವನಾಗುವುದನ್ನು ಬಿಟ್ಟು ರಿಪೇರಿಯವನಾಗುತ್ತೀಯಾ ಎಂದು ಗದರಿಸುವ ಮನೆಗಳು ಇಂದಿಗೂ ಇವೆ. ರಿಪೇರಿ ಮಾಡುವವನು ಕೆಟ್ಟುದನ್ನು ಸರಿಪಡಿಸುವವನು. ಅವನನ್ನು ಬೈಗುಳವಾಗಿ ಬಳಸುವ ಸಮಾಜ ತನಗೆ ತಾನೇ ಕೇಡು ಮಾಡಿಕೊಳ್ಳುತ್ತದೆ.

ಈ ತಾತ್ಸಾರದಲ್ಲಿಯೇ ಇನ್ನೊಂದು ಅನ್ಯಾಯವೂ ಅಡಗಿದೆ. ಮನೆಯಲ್ಲಿ ರೇಡಿಯೋ ಕೆಟ್ಟರೆ ಮಗನನ್ನು ಕರೆಯುತ್ತಾರೆ. ಮಗಳನ್ನು ದೀಪ ಹಿಡಿದು ನಿಲ್ಲಲು ಹೇಳುತ್ತಾರೆ. ದಿನವೂ ಅಂಗಳದಲ್ಲಿ ಚುಕ್ಕಿಗಳನ್ನು ಎಣಿಸಿ, ಒಂದು ಗೆರೆಯೂ ತಪ್ಪದಂತೆ ರಂಗೋಲಿಯನ್ನು ಸುತ್ತುವ ಕೈಗೆ ತಂತಿಯ ಸುರುಳಿಯನ್ನು ಸುತ್ತುವುದು ಕಷ್ಟವೇ? ಹೊಲಿಗೆಯ ಯಂತ್ರದ ಹಲ್ಲನ್ನೂ ದಾರದ ಬಿಗಿಯನ್ನೂ ತಾನೇ ಸರಿಪಡಿಸಿಕೊಳ್ಳುವ ಗೃಹಿಣಿಯನ್ನು ಯಾರೂ ಯಂತ್ರ ಬಲ್ಲವಳೆಂದು ಹೇಳುವುದಿಲ್ಲ. ಬಲ್ಲವಳೆಂಬುದು ನಿಜವಾಗಿದ್ದರೂ ಹೇಳುವುದಿಲ್ಲ. ತಿರುಪುಳಿ ಹೆಣ್ಣು ಗಂಡೆಂಬ ಭೇದವನ್ನು ಅರಿಯದು. ಭೇದ ಇರುವುದು ಅದನ್ನು ಕೊಡುವವರ ಮನಸ್ಸಿನಲ್ಲಿ.

ತಾನೇ ಮಾಡುವ ಅಭ್ಯಾಸದಿಂದ ಇನ್ನೊಂದು ಗುಣವೂ ಬೆಳೆಯುತ್ತದೆ. ಮಾಡಿದವನಿಗೆ ವಸ್ತುವಿನ ಬೆಲೆ ತಿಳಿಯುತ್ತದೆ. ಇಂದು ಕೆಟ್ಟ ಗಡಿಯಾರ, ಕೆಟ್ಟ ಟಾರ್ಚು, ಕೆಟ್ಟ ಆಟಿಕೆ ಎಲ್ಲವೂ ನೇರವಾಗಿ ತಿಪ್ಪೆಗೆ ಹೋಗುತ್ತವೆ. ವಿದ್ಯುನ್ಮಾನ ಕಸ ನೆಲಕ್ಕೂ ನೀರಿಗೂ ವಿಷವಾಗಿ ಪರಿಣಮಿಸುತ್ತಿದೆ. ಎಸೆಯುವ ಮುನ್ನ ಒಮ್ಮೆ ಬಿಚ್ಚಿ ನೋಡಿದರೆ ಎಷ್ಟೋ ಸಲ ದೋಷ ತುಕ್ಕು ಹಿಡಿದ ಒಂದು ತಗಡಿನಲ್ಲಿಯೋ ಕಳಚಿದ ಒಂದು ತಂತಿಯಲ್ಲಿಯೋ ಇರುತ್ತದೆ. ಸರಿಹೋಗದಿದ್ದರೂ ಅದರೊಳಗಿನ ಮೋಟಾರು, ಅಯಸ್ಕಾಂತ, ತಿರುಪುಗಳು ಮುಂದಿನ ಪ್ರಯೋಗಕ್ಕೆ ಒದಗುತ್ತವೆ. ಕಸದಿಂದಲೇ ಮಕ್ಕಳಿಗಾಗಿ ನೂರಾರು ವಿಜ್ಞಾನದ ಆಟಿಕೆಗಳನ್ನು ರೂಪಿಸಿದ ಅರವಿಂದ ಗುಪ್ತರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಎಂಜಿನಿಯರಿಂಗ್ ಓದಿದ ಅವರು ಬೆಂಕಿಕಡ್ಡಿ, ಸೈಕಲ್ಲಿನ ರಬ್ಬರುಕೊಳವೆ, ಹಳೆಯ ಕಾಗದಗಳನ್ನೇ ತಮ್ಮ ಪ್ರಯೋಗಶಾಲೆಯಾಗಿ ಮಾಡಿಕೊಂಡವರು.

ಹೀಗೆಂದು ಪ್ರತಿಯೊಂದು ಮಗುವೂ ವಿಜ್ಞಾನಿಯಾಗಬೇಕೆಂದಿಲ್ಲ, ಆಗುವುದೂ ಇಲ್ಲ. ರೈತನಾಗಬಹುದು, ಶಿಕ್ಷಕಿಯಾಗಬಹುದು, ಅಂಗಡಿಯನ್ನು ನಡೆಸಬಹುದು. ಆದರೆ ಯಾವ ವೃತ್ತಿಯಲ್ಲಿದ್ದರೂ, ಹೇಳಿದ್ದನ್ನು ಕಣ್ಣುಮುಚ್ಚಿ ನಂಬದೆ ಪರೀಕ್ಷಿಸಿ ನೋಡುವ ಬುದ್ಧಿ, ಸೋತಾಗ ಕಾರಣವನ್ನು ಹುಡುಕುವ ತಾಳ್ಮೆ, ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯ, ದುಡಿಯುವ ಕೈಯನ್ನು ಗೌರವಿಸುವ ಮನಸ್ಸು, ಈ ನಾಲ್ಕು ಬೇಕೇ ಬೇಕು. ಇವನ್ನು ಉಪದೇಶದಿಂದ ಕೊಡಲಾಗುವುದಿಲ್ಲ. ಒಂದು ಮೊಳೆ, ಒಂದು ತಂತಿ, ಒಂದು ಸೆಲ್ಲು ಕೊಡಬಲ್ಲವು.

ಶಾಲೆಗಳು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ವಸ್ತುಪ್ರದರ್ಶನದಲ್ಲಿ ಮಾದರಿಯ ಅಂದಕ್ಕೆ ಅಂಕ ಕೊಡುವುದನ್ನು ನಿಲ್ಲಿಸಿ, ಇದು ಎಷ್ಟು ಸಲ ಕೆಟ್ಟಿತು, ಏಕೆ ಕೆಟ್ಟಿತು, ಹೇಗೆ ಸರಿಪಡಿಸಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಕೊಂಡು ತಂದವನಲ್ಲಿ ಇದಕ್ಕೆ ಉತ್ತರವಿರುವುದಿಲ್ಲ. ವಕ್ರವಾದ ಯಂತ್ರದ ಹಿಂದೆ ನಾಚಿ ನಿಂತ ಹುಡುಗ ಅಂದು ತಲೆಯೆತ್ತಿ ಮಾತನಾಡುತ್ತಾನೆ. ಮನೆಯವರು ಮಾಡಬೇಕಾದುದು ಇನ್ನೂ ಕಡಿಮೆ. ಒಂದು ಹಳೆಯ ಪೆಟ್ಟಿಗೆಯನ್ನೂ ಮನೆಯ ಒಂದು ಮೂಲೆಯನ್ನೂ ಮಕ್ಕಳಿಗೆ ಬಿಟ್ಟುಕೊಟ್ಟು, ಅಲ್ಲಿನ ಕಸಕ್ಕಾಗಿ ಗದರಿಸದೆ ಇದ್ದರೆ ಸಾಕು. ಗುಬ್ಬಿಯ ಕಾರ್ಖಾನೆಯ ಹೆಲಿಕಾಪ್ಟರೊಂದು ತೆಂಗಿನ ತೋಟಗಳ ಮೇಲೆ ಹಾರಿಹೋದಾಗ ಹಾಗಲವಾಡಿಯ ಮಕ್ಕಳು ತಲೆಯೆತ್ತಿ ನೋಡುವುದು ಸಹಜ. ಅವರ ಕೈಯಲ್ಲಿ ತಾವೇ ಮಾಡಿದ ಗರಿಯ ಗಿರಿಗಿಟ್ಟಲೆಯೊಂದು ಇದ್ದರೆ, ಅವರು ಬೆರಗಿನಿಂದ ಮಾತ್ರವಲ್ಲ, ತಿಳಿದೂ ನೋಡುತ್ತಾರೆ.